ಸೀಸದ ಬಾವಿಯ ಮುಂದೆ ಸಂಕಲ್ಪ

"ಬಾವಿಗೆ ಬಗ್ಗಿ ಯಾರ ಹೆಸರನ್ನೂ ಹೇಳಬೇಡಿ," ಎಂದಳು ಸ್ತಮಾತಾ. "ನಿಮ್ಮದನ್ನಂತೂ ಬೇಡವೇ ಬೇಡ."

ಪವನ ಗಟ್ಟಿಯಾಗಿ ನಕ್ಕುಬಿಟ್ಟ.

ಅಥೆನ್ಸ್ ನಗರದ ಪ್ಲಾಕಾ ಎಂಬ ಪುರಾತನ ಕೇರಿ. ಮೇಲೆ ಅಕ್ರೊಪೊಲಿಸ್ ಗುಡ್ಡದ ಕಂಬಗಳು ಜೂನ್ ತಿಂಗಳ ನಡುಹಗಲಿಗೆ ಸುಣ್ಣದ ಗೂಡಿನಂತೆ ಉರಿಯುತ್ತಿದ್ದವು. ಅಮೆರಿಕದ ನಾರ್ತ್ ಕ್ಯಾರೊಲಿನಾದ ಏಪೆಕ್ಸ್‌ನಿಂದ ರಜೆಗೆ ಬಂದಿದ್ದ ಪವನ, ಹೆಂಡತಿ ಸೌಮ್ಯಾ, ಎಂಟು ವರ್ಷದ ಮಗಳು ಮೈಥಿಲಿ ಬೆಳಗಿನಿಂದ ಗೈಡ್ ಸ್ತಮಾತಾಳ ಹಿಂದೆ ಅಲೆದಿದ್ದರು. ಮುರಿದ ಗುಡಿಗಳು, ಮೇಣದ ಕಮಟು ಹಿಡಿದ ಪುಟ್ಟ ಚರ್ಚುಗಳು, ಬೆಕ್ಕುಗಳು ಮಲಗಿದ ಮೆಟ್ಟಿಲುದಾರಿಗಳು ಎಲ್ಲ ಮುಗಿದು, ಕೊನೆಯದಾಗಿ ಬಾವಿಯಿದ್ದ ಈ ಒಳಂಗಳ. ಹೊರಗಿನ ಬಿಸಿಲು ಇಲ್ಲಿ ಕಾಲಿಡುತ್ತಿರಲಿಲ್ಲ. ಪಾಚಿಯ, ಹಸಿಮಣ್ಣಿನ, ಬಾಯಿಗೇ ರುಚಿ ಹತ್ತುವಂಥ ಲೋಹದ ವಾಸನೆ.

"ಆ ಕಾಲದಲ್ಲಿ ವೈರಿಯ ಹೆಸರನ್ನು ಸೀಸದ ತಗಡಿನ ಮೇಲೆ ಕೊರೆದು, ಸುರುಳಿ ಸುತ್ತಿ, ಮೊಳೆ ಹೊಡೆದು ಬಾವಿಗೆ ಎಸೆಯುತ್ತಿದ್ದರು," ಸ್ತಮಾತಾ ತಡೆತಡೆದು ಇಂಗ್ಲಿಷಿನಲ್ಲಿ ಹೇಳಿದಳು. "ಇವನ ನಾಲಿಗೆ ಕಟ್ಟಲಿ, ಕೈ ಕಟ್ಟಲಿ, ಉಸಿರು ಕಟ್ಟಲಿ ಎಂದು. ಜೊತೆಗೆ ತಾಯಿಯ ಹೆಸರೂ ಇರುತ್ತಿತ್ತು, ವಿಳಾಸ ತಪ್ಪಬಾರದಲ್ಲ. ಉತ್ಖನನದವರು ಸಿಕ್ಕಿದ್ದನ್ನೆಲ್ಲ ಹೊರತೆಗೆದರು. ಒಂದು ಮಾತ್ರ ಕೆಳಗೇ ಉಳಿದಿದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಶಾಪವೆಲ್ಲ ಕೊರೆದ ತಗಡು. ಹೆಸರಿನ ಜಾಗವಷ್ಟೇ ಖಾಲಿ."

"ನಮ್ಮೂರ ಮಾಟ ಇದ್ದ ಹಾಗೇ ಅನ್ನು," ಪವನ ಸೌಮ್ಯಾಳ ಕಡೆ ತಿರುಗಿದ. "ಆದ್ರೆ ಅಡ್ರೆಸ್ ವಿಷಯದಲ್ಲಿ ನಮ್ಮ ಸಂಕಲ್ಪದ ಮುಂದೆ ಇವರದು ಏನೇನೂ ಅಲ್ಲ ಕಣೇ. ನಮ್ದು ಜಿಪ್ ಕೋಡ್ ಸಮೇತ."

"ರೀ, ಬೇಡ ಬಿಡಿ. ಹೋದಲ್ಲೆಲ್ಲಾ ನಿಮ್ಮ ಕಾಮಿಡಿ ಶೋ ಆಗ್ಬೇಕಾ?"

"ಅಪ್ಪಾ, ಡೂ ದ ಝೂಮ್ ವಾಯ್ಸ್!" ಮೈಥಿಲಿ ಕುಣಿದಳು.

ಲಾಕ್‌ಡೌನ್ ವರ್ಷದಲ್ಲಿ ದೇವಸ್ಥಾನದ ಬಾಗಿಲು ಮುಚ್ಚಿದಾಗ, ಝೂಮ್ ಪೂಜೆಗೆ ಅರವತ್ತು ಮನೆಗಳ ಗೋತ್ರ-ನಕ್ಷತ್ರಗಳನ್ನು ಒಂದೇ ಓಟದಲ್ಲಿ ಓದಿಹೇಳುತ್ತಿದ್ದವನು ಪವನ. ನಂಬಿಕೆ ಇರಲಿಲ್ಲ, ನಾಲಿಗೆ ಮಾತ್ರ ಪಳಗಿತ್ತು. ಕಟ್ಟೆಗೆ ಎದೆಯೊತ್ತಿ ಕತ್ತಲಿಗೆ ಬಗ್ಗಿದ.

"ಭಾರದ್ವಾಜ ಗೋತ್ರೋದ್ಭವಸ್ಯ, ರೋಹಿಣೀ ನಕ್ಷತ್ರೇ, ವೃಷಭ ರಾಶೌ ಜಾತಸ್ಯ, ಪವನ ಶರ್ಮಣಃ, ಮಮ ಸಹಕುಟುಂಬಸ್ಯ..."

ಬಾವಿ ಪ್ರತಿಧ್ವನಿಸಲಿಲ್ಲ. ಆಡಿದ ಮಾತನ್ನು ಯಾರೋ ಕೆಳಗೆ ಬೊಗಸೆಯಲ್ಲಿ ಹಿಡಿದುಕೊಂಡಂತಿತ್ತು. ಅನಂತರ ಆಳದಿಂದ, ಮೊಳೆಗೆ ಸುತ್ತಿಗೆ ಬಿದ್ದಂಥ ಒಂದೇ ಒಂದು ಸದ್ದು.

ಟಣ್.

ಮೈಥಿಲಿಯ ನಗು ಅರ್ಧಕ್ಕೆ ಕತ್ತರಿಸಿಹೋಯಿತು. ಬಾಯಿ ತೆರೆದೇ ಇತ್ತು. ಒಳಗೆ ನಾಲಿಗೆ ಬೂದುಬಣ್ಣಕ್ಕೆ ತಿರುಗಿ, ಎರಕ ಹೊಯ್ದಂತೆ ಕದಲದೆ ಬಿದ್ದಿತ್ತು.

"ಪುಟ್ಟಾ? ಏನಾಯ್ತೇ? ಮಾತಾಡು!" ಸೌಮ್ಯಾ ಮಗಳನ್ನು ಅಪ್ಪಿ ಕುಸಿದಳು. "ರೀ, ಆಂಬುಲೆನ್ಸ್ ಕಾಲ್ ಮಾಡ್ರೀ!"

ಫೋನ್ ಮಾಡಿದವಳು ಸ್ತಮಾತಾ. ಈ ಓಣಿಗಳಲ್ಲಿ ಗಾಡಿ ಬರದು. ಕೆಳಗಿನ ಬೀದಿಯಿಂದ ಸ್ಟ್ರೆಚರ್ ಹೊತ್ತು ತರಬೇಕು. ಫೋನ್ ಇಟ್ಟು ಅವಳು ಪವನನತ್ತ ತಿರುಗಿದಳು.

"ನಿಮ್ಮೊಬ್ಬರ ಹೆಸರನ್ನೇ ಅಲ್ಲವೇ ಹೇಳಿದ್ದು?"

"ಹೌದು. ನನ್ನದೊಂದೇ..." ಪವನ ತಾನು ಹೇಳಿದ್ದನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಸಹಕುಟುಂಬಸ್ಯ. ಅಭ್ಯಾಸಬಲದಿಂದ ಉದುರಿದ ಪದ. ತಗಡಿನ ಆ ಖಾಲಿ ಜಾಗಕ್ಕೆ ಕುಟುಂಬದ ಸಮೇತ ಅರ್ಪಿಸಿಕೊಂಡಿದ್ದ.

ಟಣ್.

ಮಗುವಿನ ಎರಡೂ ಕೈ ಎದೆಗೆ ಸೆಳೆದು ಬಿಗಿದುಕೊಂಡವು.

"ಎಳೆಯ ಜೀವದಿಂದ ಶುರುಮಾಡುತ್ತದೆ," ಸ್ತಮಾತಾ ಪಿಸುಗುಟ್ಟಿದಳು. "ಮೂರನೆಯದು ಉಸಿರಿಗೆ."

"ನನ್ನೊಬ್ಬನನ್ನೇ ತಗೋ!" ಪವನ ಬಾವಿಗೆ ಕಿರುಚಿದ. ಕತ್ತಲು ಮಿಸುಕಲಿಲ್ಲ. ಕೊಟ್ಟ ವಿಳಾಸ ಕೊಟ್ಟದ್ದೇ. ಕುಟುಂಬವಿರುವ ತನಕ ಕುಟುಂಬವೆಲ್ಲ ಅದರ ಪಾಲು. ಕುಟುಂಬವೇ ಇಲ್ಲದಿದ್ದರೆ?

ಸನ್ಯಾಸ ತೆಗೆದುಕೊಂಡ ದೊಡ್ಡಪ್ಪ ನೆನಪಾದರು. ಅವರು ತಮಗೆ ತಾವೇ ಪಿಂಡವಿಟ್ಟುಕೊಂಡಿದ್ದರು. ಆಮೇಲೆ ಅವರಿಗೆ ಗೋತ್ರವಿರಲಿಲ್ಲ, ಹೆಂಡತಿಯಿರಲಿಲ್ಲ, ಮಕ್ಕಳಿರಲಿಲ್ಲ.

ಓಡಿದ. ಓಣಿಯ ತಿರುವಿನಲ್ಲಿ, ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು ಮಾರುವವನ ಗಾಡಿ. ನೋಟೊಂದನ್ನು ಎಸೆದ. ಒಂದು ಬ್ರೆಡ್ಡು ಕಸಿದ. ತಟ್ಟೆಯಲ್ಲಿ ಉದುರಿದ್ದ ಎಳ್ಳನ್ನು ಬಾಚಿಕೊಂಡ. ಕರಿಯೆಳ್ಳಲ್ಲ, ಬಿಳಿಯೆಳ್ಳು. ಇರಲಿ. ಓಡಿಬಂದ. ಬ್ರೆಡ್ಡನ್ನು ಬಾಟಲಿಯ ನೀರಿನಲ್ಲಿ ಕಿವುಚಿದ. ಉಂಡೆ ಕಟ್ಟಿದ. ಫೋನಿನಲ್ಲಿ ದಕ್ಷಿಣ ದಿಕ್ಕು ಹುಡುಕಿದ. ಜನಿವಾರ ಹರಿದ.

"ರೀ, ಏನ್ ಮಾಡ್ತಿದ್ದೀರಿ?" ಸೌಮ್ಯಾ ಚೀರಿದಳು. "ಬದುಕಿದ್ದೀರಲ್ರೀ ನೀವು!"

ಅವನು ಅವಳತ್ತ ನೋಡಲಿಲ್ಲ. ನೋಡಿದ್ದರೆ ಕೈ ನಿಲ್ಲುತ್ತಿತ್ತು. ಹೆಬ್ಬೆರಳಿನ ಸಂದಿನಿಂದ ಎಳ್ಳುನೀರು ಬಾವಿಗೆ ಇಳಿಯಿತು. ಒಮ್ಮೆ, ತನ್ನ ಹೆಸರಿಗೆ. ಇನ್ನೊಮ್ಮೆ, ತನ್ನ ಗೋತ್ರಕ್ಕೆ.

ಮಗುವಿನ ತುಟಿ ನೀಲಿಯಾಗುತ್ತಿತ್ತು.

"ನನಗೆ ಹೆಂಡತಿಯಿಲ್ಲ," ಎಂದ. "ನನಗೆ ಮಗಳಿಲ್ಲ."

ಪಿಂಡ ಬಿಟ್ಟ. ಅದು ನೀರಿಗೆ ಬಿದ್ದ ಸದ್ದೇ ಬರಲಿಲ್ಲ.

ಟಣ್. ಟಣ್.

ಈ ಸಲ ಮೊಳೆ ಇಳಿದದ್ದು ಅವನೊಳಗೆ. ಬಾಯಿ ತುಂಬ ತಣ್ಣನೆಯ ಸೀಸ. ಮೊಣಕೈಗಳು ಎದೆಗೆ ಸೆಳೆದುಕೊಂಡವು. ಮೂರನೆಯ ಏಟಿಗಾಗಿ ಕಣ್ಣು ಮುಚ್ಚಿ ಕಾದ. ಅದು ಬೀಳಲಿಲ್ಲ. ಸತ್ತವನೆಂದು ಎಳ್ಳುನೀರು ಬಿಟ್ಟುಕೊಂಡವನಲ್ಲಿ ಕಟ್ಟಲು ಉಸಿರೇ ಲೆಕ್ಕಕ್ಕಿರಲಿಲ್ಲವೇನೋ.

ಹಿಂದೆ ಕೆಮ್ಮು. ಉಸಿರು. ಅಳು. ಅನಂತರ ಸ್ಪಷ್ಟವಾಗಿ, "ಅಮ್ಮಾ!"

ಸ್ಟ್ರೆಚರ್ ಬಂತು. ಸೌಮ್ಯಾ ಮಗಳ ಹಣೆಗೆ, ಕೆನ್ನೆಗೆ ಮುತ್ತಿಡುತ್ತಿದ್ದಳು. ಆಂಬುಲೆನ್ಸಿನವನು ಕಾಗದ ತೆಗೆದು ಮಗುವಿನ ಹೆಸರು, ವಯಸ್ಸು ಬರೆದುಕೊಂಡ. ತಂದೆ ಜೊತೆಗಿದ್ದಾರೆಯೇ ಎಂದು ಕೇಳಿದ.

"ಇಲ್ಲ," ಎಂದಳು ಸೌಮ್ಯಾ. "ಅವರು ತೀರಿಕೊಂಡು ತುಂಬಾ ವರ್ಷವಾಯಿತು. ನಾವಿಬ್ಬರೇ ಬಂದಿರುವುದು."

ಅವಳ ದನಿಯಲ್ಲಿ ಹಳೆಯದಾಗಿ ಮಾಗಿದ ದುಃಖವಿತ್ತು. ನಟನೆಯ ಎಳೆಯೂ ಇರಲಿಲ್ಲ. ಪವನ ಅವರತ್ತ ತೂರಾಡಿ ನಡೆದ. ಸ್ಟ್ರೆಚರಿನ ಮೇಲಿಂದ ಮೈಥಿಲಿ ಕುತ್ತಿಗೆ ಹೊರಳಿಸಿ ಅವನನ್ನೇ ದಿಟ್ಟಿಸಿದಳು.

"ಅಮ್ಮಾ, ಆ ಅಂಕಲ್ ಯಾಕೆ ಕ್ರೈ ಮಾಡ್ತಿದಾರೆ?"

"ಗೊತ್ತಿಲ್ಲ ಪುಟ್ಟಾ. ಪಾಪ, ಏನ್ ಕಷ್ಟವೋ. ಹಾಗೆಲ್ಲಾ ನೋಡ್ಬಾರ್ದು."

ಅವನು ಬಾಯಿ ತೆರೆದ. ಮಗಳ ಹೆಸರು ಗಂಟಲವರೆಗೂ ಬಂತು. ನಾಲಿಗೆ ಏಳಲಿಲ್ಲ.