ಗುಳಿಗೆ ಬಿಟ್ಟವಳು

ಒಲೆಯ ಮೇಲಿದ್ದ ಚಹಾದ ಪಾತೇಲಿಯನ್ನು ದ್ರೌಪದಿ ಬರಿಗೈಯಲ್ಲೇ ಇಳಿಸಿದಳು.

"ಏ, ಕೈ ಸುಡತೈತಿ!" ರಾಜಾರಾಮ ಹಾರಿ ಎದ್ದ.

ಅವಳು ಬೆರಳು ನೋಡಿಕೊಂಡಳು. ಬೊಬ್ಬೆ ಎದ್ದಿತ್ತು, ನೋವಿರಲಿಲ್ಲ.

ಅವನು ಸೋದರತ್ತೆಯ ಮಗ, ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ದೀಪಾವಳಿ ಮುಗಿದರೆ ಇಬ್ಬರ ಲಗ್ನ. ನೆವ ಹುಡುಕಿ ಅವಳ ಊರು ಮಂಗಸೂಳಿಗೆ ಬಂದು, ಅವಳನ್ನು ಕದ್ದು ನೋಡಿ ಹೋಗುತ್ತಿದ್ದವನು ಇವತ್ತು ಅವಳ ಕೈಯನ್ನು ತಣ್ಣೀರಿಗೆ ಅದ್ದಿ ಹಿಡಿದು ಬಿಡಲೇ ಇಲ್ಲ.

"ಏನಿದು? ಖರೇ ಹೇಳು."

"ಕುಷ್ಠ. ಅಥಣಿ ಡಾಕ್ಟರ್ ಗುಳಿಗಿ ಕೊಟ್ಟಾರ. ಪೂರಾ ತಗೊಂಡ್ರ ವಾಸಿ ಆಗ್ತೈತಿ ಅಂದಾರ."

"ತಗೊಳ್ಳಾಕತ್ತೀ ಇಲ್ಲೋ?"

"ಬಿಟ್ಟೇನಿ."

"ಬುದ್ಧಿ ಐತೇನ ನಿನಗ? ಬೆರಳ ಹೋದ್ರ ಏನ್ ಮಾಡ್ತಿ?"

ಅವಳು ಸಿಟ್ಟಿನಿಂದ ಕೈ ಕಿತ್ತುಕೊಂಡಳು.

"ಯಾಕ ಬಿಟ್ಟೆ ಅಂತ ಕೇಳು! ಆ ಗುಳಿಗಿ ಮೈ ಕಪ್ಪ ಮಾಡ್ತೈತಿ. ನಿಮ್ಮವ್ವ ಹಬ್ಬದಾಗ ಎಲ್ಲಾರ ಮುಂದ 'ಕಾಗಿ ಆಗ್ಯಾಳ, ನನ್ನ ಮಗಗ ಇದ ಬೇಕೇನು' ಅಂದ್ಲು. ಬಾಜೂಕ ನೀ ಹೋಳಿಗಿ ಮುರಕೋತ ಕುಂತಿದ್ದಿ!"

"ನನಗ ನಿನ್ನ ಬಣ್ಣ ಎಂದೂ..."

"ಮನಸಿನಾಗ ಇಟಗೊಂಡ್ರ ನನಗ ಹೆಂಗ ಗೊತ್ತಾಗಬೇಕು, ಮಾಮಾ?"

ಅವನು ಎದ್ದು ಹೋದ. ಹೋದವನ ಬೆನ್ನು ನೋಡಿ ಅವಳು ಅತ್ತಳು. ಮರುದಿನ ಅಥಣಿಗೆ ಹೋಗಿ ಡಾಕ್ಟರರಿಂದ ಬೈಸಿಕೊಂಡು, ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು, ಗುಳಿಗೆ ಮತ್ತೆ ಶುರು ಮಾಡಿದಳು.

ವಾರದ ರಜೆಗೆ ರಾಜಾರಾಮ ತಾಯಿಯನ್ನು ಕರೆದುಕೊಂಡೇ ಬಂದ. ರೋಗದ ವಿಷಯ ಕೇಳಿದ್ದ ಅತ್ತೆ ರುಕ್ಮವ್ವ ಹೊಸ್ತಿಲು ದಾಟಲಿಲ್ಲ. ಕೊಟ್ಟ ನೀರು ಮುಟ್ಟಲಿಲ್ಲ. ಅವನು ದ್ರೌಪದಿಯ ಪಟ್ಟಿ ಕಟ್ಟಿದ ಕೈಯಿಂದಲೇ ತಂಬಿಗೆ ಇಸಿದುಕೊಂಡು ಗಟಗಟ ಕುಡಿದ.

"ಅವ್ವಾ, ಅವತ್ತ ನೀ ಅಂದದ್ದು ತಪ್ಪು. ನಾ ಸುಮ್ಮ ಕುಂತದ್ದು ಅದಕ್ಕಿಂತ ದೊಡ್ಡ ತಪ್ಪು. ಲಗ್ನಾ ಆದ್ರ ಇವಳನ್ನ."

"ನನ್ನ ಕೇಳೀಯೇನು?" ದ್ರೌಪದಿ ಇನ್ನೂ ಕರಗಿರಲಿಲ್ಲ. "ಗುಳಿಗಿ ಮುಗಿಯೂತನಕಾ ಲಗ್ನಾ ಇಲ್ಲ. ಇನ್ನೂ ಕಪ್ಪಾಗ್ತೀನಿ."

"ಆಗು."

"ನನ್ನ ಬೆರಳ ಸಲುವಾಗಿ ತಗೊಳ್ಳಾಕತ್ತೀನಿ, ನಿನ್ನ ಸಲುವಾಗಿ ಅಲ್ಲ."

"ಹೂಂ. ಬಿಟ್ಟಿ ಅಂದ್ರ ಮಾತ್ರ ಮತ್ತ ಬೈತೀನಿ."

"ಬೈದು ಎದ್ದು ಹೋಗಬ್ಯಾಡ. ಇಲ್ಲೇ ಕುಂತು ಬೈಯಿ."

ರುಕ್ಮವ್ವ ಸೆರಗು ಕೊಡವಿ ಬಸ್ಸಿನ ಹಾದಿ ಹಿಡಿದಳು. ರಾಜಾರಾಮ ಹಿಂದೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತ. ದ್ರೌಪದಿ ಅವನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಆ ಸಿಟ್ಟಿನಲ್ಲೇ ಬಂದು ಅವನ ಮಗ್ಗುಲಲ್ಲಿ ಕೂತಳು.