ಬುರುಲ್‌ಳ ಎಡಗಾಲಿನ ಅಳತೆ

ಬಿಸಿ ಸೈಲೆನ್ಸರ್‌ಗೆ ಕಾಲು ತಗುಲಿದಾಗ ಬುರುಲ್ ಹಾಕಿದ ಕೂಗಿಗೆ ಅಟ್-ಬಾಶಿ ಸಂತೆಯ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಹೆಸರಿಗೆ ಅದು ಸೈಲೆನ್ಸರ್... ಅವಳನ್ನಂತೂ ಸುಮ್ಮನಿರಿಸಲಿಲ್ಲ!

ತಪ್ಪು ಅವಳದೇ. ನಡೆಯುವ ಮೊದಲೇ ಕುದುರೆ ಹತ್ತಿದ ಹುಡುಗಿ. ಜೀನಿನ ರಿಕಾಪಿಗೆ ಇಟ್ಟಂತೆ ಹಿಂದಿನ ಫುಟ್‌ರೆಸ್ಟಿಗೆ ಎಡಗಾಲಿಟ್ಟು, ಎಡಗಡೆಯಿಂದಲೇ ಜಿಗಿದಿದ್ದಳು. ಬೆಸುಗೆ ಕೆಲಸದ ಉರ್ಮತ್‌ನ ಹಳೇ ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಇದ್ದದ್ದೂ ಎಡಗಡೆಯೇ.

"ಇದು ಕುದುರೆ ಅಲ್ಲ ಡಾಕ್ಟ್ರೆ. ಬಲಗಡೆಯಿಂದ ಹತ್ಬೇಕು," ಎಂದ ಅವನು.

"ಕುದುರೆ ಹೊಟ್ಟೆ ಪಕ್ಕ ಯಾರೂ ಒಲೆ ಕಟ್ಟಲ್ಲ ಕಣ್ರೀ."

ಅವನು ನಗಲಿಲ್ಲ. ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿ ಕಿತ್ತು ಕಾಲುವೆಗೆ ಓಡಿದ. ಅದರ ತುಂಬ ತಣ್ಣೀರು ತಂದು ಅವಳ ಮೀನಖಂಡದ ಮೇಲೆ ಸುರಿದ. ಆ ಊರಿನಲ್ಲಿ ಕಲ್ಪಾಕನ್ನು ಯಾರೂ ನೆಲಕ್ಕೂ ತಾಗಿಸುವುದಿಲ್ಲ. ಇವನು ಬಕೆಟ್ಟು ಮಾಡಿಕೊಂಡಿದ್ದ!

ಬುರುಲ್‌ಗೆ ಉರಿ ಮರೆತೇ ಹೋಯಿತು.

ಅವಳು ತಾಲ್ಲೂಕಿನ ಪಶುವೈದ್ಯೆ. ಸರ್ಕಾರಿ ಜೀಪು ಕೆಟ್ಟು ಕೂತಿದ್ದರಿಂದ ಆ ಬೇಸಿಗೆಯಿಡೀ ಉರ್ಮತ್‌ನ ಹಿಂದೆ ಕೂತು ಮೇಲಿನ ಹುಲ್ಲುಗಾವಲುಗಳಿಗೆ ಹೋಗಬೇಕಾಯಿತು. ಆ ಹುಲ್ಲುಗಾವಲುಗಳಿಗೆ ಜೈಲೂ ಎನ್ನುತ್ತಾರೆ; ಹೆಸರು ಹಾಗಿದ್ದರೂ ಅಷ್ಟು ಬಿಡುಗಡೆಯ ಜಾಗ ಅವಳು ಬೇರೆ ಕಂಡಿರಲಿಲ್ಲ. ಕಣಿವೆ ಹತ್ತಿ ಹಿಮದ ಬೆಟ್ಟಗಳ ಸಾಲು ಒಮ್ಮೆಲೇ ಎದುರಾದಾಗ ಅವನು ಗಾಡಿ ನಿಲ್ಲಿಸುತ್ತಿದ್ದ. ಸುಟ್ಟುಕೊಳ್ಳದಿರಲು ಅವಳು ಎಡಮಂಡಿಯನ್ನು ಬಾತುಕೋಳಿಯ ರೆಕ್ಕೆಯಂತೆ ಹೊರಚಾಚಿ ಕೂತೇ ನೋಡುತ್ತಿದ್ದಳು. ಸಂಜೆಗೆ ಸೊಂಟ ಹಿಡಿದಿರುತ್ತಿತ್ತು, ಮನಸ್ಸೂ ಎಲ್ಲೋ ಹಿಡಿದುಕೊಂಡಿರುತ್ತಿತ್ತು.

ಊರಿಗೆಲ್ಲ ಉರ್ಮತ್ ಬೈಕೆ, ಅಂದರೆ ಅಣ್ಣ. ಅವಳು ಮಾತ್ರ ಆ ಮಾತನ್ನು ನಾಲಿಗೆಗೆ ತಂದಿರಲಿಲ್ಲ. ಇವನಿಗೇಕೆ ಅದೊಂದು ಅರ್ಥವಾಗುವುದಿಲ್ಲ...

ಅಷ್ಟರಲ್ಲಿ ನರಿನ್ ಪೇಟೆಯ ಸಂಬಂಧ ಕೂಡಿಬಂತು. ಶುಕ್ರವಾರ ಮಧ್ಯಾಹ್ನ ಹುಡುಗನ ತಾಯಿ ಬಂದು ಬುರುಲ್‌ಳ ಕಿವಿಗೆ ಓಲೆ ಹಾಕುವುದೆಂದಾಯಿತು. ಓಲೆ ಬಿದ್ದರೆ ಮುಗಿಯಿತು, ಹುಡುಗಿ ಆ ಮನೆಯವಳು. ಯೋಚಿಸಲು ತನ್ನ ತಾಯಿಯ ಹತ್ತಿರ ಎರಡು ದಿನ ಕೇಳಿಕೊಂಡು ಬುಧವಾರ ಅವಳು ಉರ್ಮತ್‌ನ ಶೆಡ್ಡಿಗೆ ಹೋದಳು.

ಅವನು ಹಿಂದಿನ ಎಡ ಫುಟ್‌ರೆಸ್ಟನ್ನು ಕತ್ತರಿಸಿ ತೆಗೆದು, ಸೈಲೆನ್ಸರ್‌ಗೆ ತಾಗದಂತೆ ಮುಂದಕ್ಕೆ ತಂದು, ಉದ್ದನೆಯ ಪಟ್ಟಿಯಲ್ಲಿ ಕೆಳಕ್ಕೆ ಇಳಿಬಿಟ್ಟು ಬೆಸುಗೆ ಹಾಕುತ್ತಿದ್ದ. ದಾರಿಯ ಕಲ್ಲಿಗೆ ಮುತ್ತಿಡುವಷ್ಟು ಕೆಳಕ್ಕೆ! ಗಿಡ್ಡ ಕಾಲಿನ ಬುರುಲ್ ಅದನ್ನೇ ನೋಡಿದಳು. ಇಷ್ಟುದ್ದ ಕಾಲಿನವಳು ಯಾರು?

ಯಾರಿಗೆ ಎಂದು ಕೇಳಿದ್ದಕ್ಕೆ ಅವನು ಕಿವಿಯವರೆಗೂ ಕೆಂಪಾಗಿ, "ಒಬ್ರಿಗೆ" ಎಂದ. ಅವಳು ಮನೆಗೆ ಬಂದು, ಓಲೆ ಬರಲಿ ಎಂದು ತಾಯಿಗೆ ಹೇಳಿಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಔಷಧದ ಪೆಟ್ಟಿಗೆ ತರಲು ಶೆಡ್ಡಿಗೆ ಹೋದಾಗ ಅವನಿರಲಿಲ್ಲ. ಬೆಳಕು ಮೋಟಾರ್ ಸೈಕಲ್ಲಿನ ಮೇಲೆ ಬಿದ್ದಿತ್ತು. ಸೀಟಿನ ಅಂಚಿಗೆ ಬಟ್ಟೆ ಕ್ಲಿಪ್ಪು ಹಾಕಿ ಏನನ್ನೋ ತೂಗುಬಿಟ್ಟಿದ್ದ.

ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು. ಹಸುವಿನ ಹೊಟ್ಟೆಯೊಳಗೆ ಕೈ ಹಾಕಿ ಕರು ತಿರುಗಿಸುವಾಗ ಅವಳು ತೊಡುವಂಥದ್ದು, ಜೈಲೂವಿನಲ್ಲೆಲ್ಲೋ ಬಿಸಾಡಿದ್ದು. ಯಾರೋ ತೊಳೆದು ಒಣಗಿಸಿದ್ದರು. ಬೆರಳ ತುದಿ ಸೀಟಿಗೆ, ಕಂಕುಳಿನ ಅಂಚು ಸರಿಯಾಗಿ ಫುಟ್‌ರೆಸ್ಟಿಗೆ.

ಕುದುರೆಯವರೆಲ್ಲ ರಿಕಾಪಿನ ಉದ್ದ ನೋಡುವುದು ಹೀಗೇ: ಜೀನಿಗೆ ಬೆರಳು ಚಾಚಿದರೆ ಕಂಕುಳಿಗೆ ರಿಕಾಪು. ಹೆಣ್ಣಿನ ಕಾಲು ಮುಟ್ಟಿ ಅಳೆಯಲಾಗದವನು ಅವಳ ತೋಳನ್ನು ಅಳೆದಿದ್ದ. ಹಿಮದ ಬೆಟ್ಟ ಎದುರಾದಾಗಲೂ ಅವಳಿಗೆ ಹೀಗೆ ಕೈ ಮುಗಿಯಬೇಕೆನಿಸಿರಲಿಲ್ಲ. ಹೊಲಸು ಕೈಗವಸನ್ನು ಯಾರಾದರೂ ಹೀಗೆ ಜೋಪಾನ ಮಾಡುತ್ತಾರಾ...

ಹಿಂದೆ ಹೆಜ್ಜೆ ಕೇಳಿತು. ಉರ್ಮತ್ ಬಾಗಿಲಲ್ಲೇ ನಿಂತಿದ್ದ. ಅವಳು ಬಲಗಡೆಯಿಂದ ಹತ್ತಿ ಕೂತು ಎಡಗಾಲು ಇಳಿಬಿಟ್ಟಳು. ಅವಳ ಪಾದ ಫುಟ್‌ರೆಸ್ಟಿಗಿಂತ ಒಂದು ಗೇಣು ಮೇಲೆ ಗಾಳಿಯಲ್ಲಿ ತೂಗಾಡಿತು. ಹಸುಗಳ ಪುಣ್ಯಕ್ಕೆ ಅವಳ ತೋಳು ಉದ್ದ, ಕಾಲು ಅಲ್ಲ.

ಅವನ ಮುಖ ಸೊರಗಿತು. "ಎಲ್ಲಾ ತಪ್ಪಾಯ್ತು."

"ಅಳತೆ ತಪ್ಪಿದೆ. ಆಳು ತಪ್ಪಿಲ್ಲ."

"ಇವತ್ತು ಓಲೆ ಹಾಕೋಕೆ ಬರ್ತಾರಂತಲ್ಲ, ಡಾಕ್ಟ್ರೆ?"

"ಮಧ್ಯಾಹ್ನಕ್ಕೆ. ನೀವ್ಯಾಕೆ ಬಾಯಿ ಬಿಡಲಿಲ್ಲ?"

"ಓದಿರೋರು ನೀವು. ನಾನು ಕಬ್ಬಿಣದೋನು. ಹೇಳೋಕೆ ಬರಲ್ಲ, ಬೆಸುಗೆ ಹಾಕೋಕೆ ಬರುತ್ತೆ." ಅವನು ತಲೆ ಎತ್ತಿದ. "ನೀವಿಲ್ದೆ ಆ ಕಣಿವೆ ಹತ್ತೋಕೆ ನಂಗಾಗಲ್ಲ, ಬುರುಲ್."

ಅವಳ ಹೆಸರನ್ನು ಅವನು ಕರೆದದ್ದು ಅದೇ ಮೊದಲು. ಅವಳು ಅವನ ತಾಯಿಯ ಹತ್ತಿರ ಓಲೆ ಇವೆಯೇ ಎಂದು ಕೇಳಿದಳು. ಅಜ್ಜಿಯವು ಇವೆ, ಬೆಳ್ಳಿಯವು ಎಂದ.

"ಹಾಗಾದ್ರೆ ನಿಮ್ಮಮ್ಮನ್ನ ಈಗ್ಲೇ ಕರ್ಕೊಂಡು ಬಾ. ನಮ್ಮಮ್ಮನ ಬೈಗುಳ ನಾನು ನೋಡ್ಕೋತೀನಿ."

ಹೊರಡುವ ಬದಲು ಅವನು ಮಂಡಿಯೂರಿದ. ತೂಗಾಡುತ್ತಿದ್ದ ಅವಳ ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ಹೊತ್ತು, ಕಾಲು ಸೈಲೆನ್ಸರ್‌ಗೆ ತಾಗದಷ್ಟು ಮುಂದಕ್ಕೆ ತಂದು ನಿಲ್ಲಿಸಿದ.

"ಇಲ್ಲಿ ಸರಿ ಹೋಗುತ್ತಾ?"

"ಹೂಂ... ಇನ್ನೂ ಸ್ವಲ್ಪ ಹೊತ್ತು ಅಳತೆ ನೋಡು."