ಬಾಲ್ಕನಿಯ ಫ್ರಿಜ್

ಮನೆಯಲ್ಲೇ ಮಾಡುವ ಬಿಯರ್ ಹುದುಗಲು ತಂಪು ಒಂದೇ ಹದದಲ್ಲಿರಬೇಕು. ಅದಕ್ಕೆಂದು ಗಲ್ಫಿನ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಫ್ಲ್ಯಾಟಿಗೆ ಹಳೆಯ ಫ್ರಿಜ್ ತಂದೆ. ನಾನೇ ಥರ್ಮೋಸ್ಟಾಟ್ ಜೋಡಿಸಿ ಹದಿನೆಂಟು ಡಿಗ್ರಿಗೆ ಇಟ್ಟೆ. ಕಂಪ್ರೆಸರ್ ಓಡುತ್ತಲೇ ಇತ್ತು, ಆದರೆ ಒಳಗಿಟ್ಟ ಬ್ಯಾಟರಿ ಥರ್ಮಾಮೀಟರ್ ಮೂವತ್ತೇಳು ತೋರಿಸಿತು. ಬೇರೆ ಥರ್ಮಾಮೀಟರ್ ಇಟ್ಟೆ. ಅದೂ ಮೂವತ್ತೇಳು. ಹುದುಗುವ ಬಿಯರೇ ಬಿಸಿಯಾಗಿರಬಹುದೆಂದು ಅದರ ಕ್ಯಾನ್ ಹೊರಗೆ ತೆಗೆದರೂ ಅಷ್ಟೇ.

ನರ್ಸ್ ಆಗಿರುವ ನನ್ನ ಹೆಂಡತಿ ಸ್ವರ್ಣಲತಾ ಫ್ರಿಜ್ಜಿನ ಒಳಗೋಡೆಗೆ ಅಂಗೈ ಇಟ್ಟು, ಕೂಡಲೇ ತೆಗೆದಳು.

“ಇದು ಮನುಷ್ಯರ ಮೈಬಿಸಿ ಮಾರಾಯ್ರೆ. ಮೊದಲು ಹೊರಗೆ ಹಾಕಿ.”

ಪ್ಲಗ್ ಕಿತ್ತು ಬಾಲ್ಕನಿಗೆ ತಳ್ಳಿದೆ. ಜುಲೈ ಬಿಸಿಲಿಗೆ ಅಲ್ಲಿ ಕಂಬಿ ಮುಟ್ಟಲಾಗುತ್ತಿರಲಿಲ್ಲ. ವಾರ ಕಳೆದು ಒಂದು ಮಧ್ಯಾಹ್ನ ಬಾಗಿಲು ತೆರೆದು ಒಳಗೇ ಉಳಿದಿದ್ದ ಥರ್ಮಾಮೀಟರ್ ನೋಡಿದೆ. ಹೊರಗೆ ನಲವತ್ತಾರು ಡಿಗ್ರಿ. ಕರೆಂಟಿಲ್ಲದ, ಖಾಲಿ ಫ್ರಿಜ್ಜಿನೊಳಗೆ ಮೂವತ್ತೇಳು.